ರಸ್ತೆಯಂಚಿನ ಕಾರಣಪ್ಪ

ನಿಲ್ಲಿಸಿದ ಗಾಡಿಯ ಕಡೆಗೆ ಆತ ನಡೆದು ಬರುವ ರೀತಿಯೇ ಬೇರೆ. ಪೊಲೀಸರ ನಡಿಗೆಯನ್ನು ನಾನು ಬಲ್ಲೆ. ಮೆರವಣಿಗೆಗಳಲ್ಲಿ ಮುಂದಿನಿಂದಲೂ ಹಿಂದಿನಿಂದಲೂ, ಕೆಲವೊಮ್ಮೆ ನೆಲಕ್ಕೆ ಬಿದ್ದು ಬೂಟಿನ ಮಟ್ಟದಿಂದಲೂ ನೋಡಿ ಬಲ್ಲೆ. ಬೇಟೆ ಸಿಕ್ಕಿತೆಂಬ ದಾಪುಗಾಲು ಒಂದು ಬಗೆ. ಸೊಂಟದ ಪಟ್ಟಿಗೆ ಹೆಬ್ಬೆರಳು ಸಿಕ್ಕಿಸಿ, ಹೊಟ್ಟೆಯನ್ನು ಮುಂದೆ ಕಳಿಸಿ ತಾನು ಹಿಂದೆ ಬರುವ ಗಜಗಮನ ಇನ್ನೊಂದು ಬಗೆ. ಈತನದು ಎರಡೂ ಅಲ್ಲ. ಹಿತ್ತಿಲಲ್ಲಿ ಒಣಹಾಕಿದ ಬಟ್ಟೆ ತರಲು ಹೊರಟವನಂತೆ, ಅವಸರವಿಲ್ಲದೆ, ಆಲಸ್ಯವೂ ಇಲ್ಲದೆ, ಎರಡೂ ಕೈಗಳು ಎದುರಿನವರಿಗೆ ಕಾಣುವಂತೆ ಇಳಿಬಿಟ್ಟುಕೊಂಡು, ವಾಹನಗಳು ಹರಿಯುವ ಬದಿಯನ್ನು ಬಿಟ್ಟು ಮಣ್ಣಿನ ಬದಿಯಿಂದ ಆತ ಬರುತ್ತಿದ್ದ.

ಚಾಲಕರೆಲ್ಲ ತಮ್ಮ ಕಡೆಯ ಗಾಜು ಇಳಿಸಿ, ಮುಖದ ಮೇಲೆ ಸಿದ್ಧವಾದ ಒಂದು ನಗುವನ್ನೋ ಸಿಟ್ಟನ್ನೋ ಇಟ್ಟುಕೊಂಡು ಆ ಕಡೆಗೇ ಕಾಯುತ್ತಿರುತ್ತಾರೆ. ಆಗ ಇನ್ನೊಂದು ಬದಿಯ, ಮಣ್ಣಿನ ಕಡೆಯ ಕಿಟಕಿಯ ಹತ್ತಿರ ಒಂದು ಕೆಮ್ಮು. ಅದು ಕಫದ ಕೆಮ್ಮಲ್ಲ, ಒಳಗೆ ಬರಲೇ ಎಂದು ಅಪ್ಪಣೆ ಕೇಳುವ ಕೆಮ್ಮು. ಚಾಲಕ ಬೆಚ್ಚಿ ತಿರುಗಿದರೆ, ಬಾಗಿಲಿನ ತುಸು ಹಿಂದೆ, ಬಾಗಿಲು ತಟ್ಟನೆ ತೆರೆದರೂ ಬಡಿಯದಷ್ಟು ದೂರದಲ್ಲಿ, ಮೊಣಕೈಯನ್ನು ಕಿಟಕಿಗೆ ಊರದೆ, ಕೊಂಚ ಬಗ್ಗಿ ನಿಂತ ಒಂದು ಒಣಕಲು ಮುಖ. ಮುಖ ಹೇಳುವುದು ಯಾವಾಗಲೂ ಒಂದೇ ಮಾತು: “ನಾನು ಸಂಚಾರ ಠಾಣೆಯ ಹೆಡ್ ಕಾನ್‌ಸ್ಟೇಬಲ್. ನಿಮ್ಮನ್ನ ನಿಲ್ಲಿಸಿದ ಕಾರಣ ಏನಪ್ಪಾ ಅಂದ್ರೆ...” ಎದುರಿಗಿರುವುದು ಹೆಂಗಸಾದರೂ, ಗಂಡಸಾದರೂ, ಊರಿನ ದೊಡ್ಡ ಡಾಕ್ಟರಾದರೂ ಆ ‘ಏನಪ್ಪಾ’ ಬದಲಾಗುತ್ತಿರಲಿಲ್ಲ. ಲೈಸೆನ್ಸು ಕೇಳುವುದು ಕಾರಣ ಹೇಳಿದ ಮೇಲೆ. ಅದಕ್ಕೆ ಮೊದಲು ಕೇಳಿದ್ದನ್ನು ಕಂಡವರಿಲ್ಲ. ಹೀಗಾಗಿ ಆ ರಸ್ತೆಯ ಲಾರಿಯವರು ಆತನಿಗೆ ಕಾರಣಪ್ಪ ಎಂದು ಹೆಸರಿಟ್ಟರು. ಕೆಲವೇ ದಿನಗಳಲ್ಲಿ ಠಾಣೆಯವರೂ ಅದನ್ನೇ ಕೂಗತೊಡಗಿದರು. ಆತನ ಹೆಂಡತಿಯೂ ಸಿಟ್ಟು ಬಂದಾಗ ಅದೇ ಹೆಸರಿನಿಂದ ಕರೆಯುತ್ತಿದ್ದಳು.

ಕಾರಣಪ್ಪನ ಮೈಮೇಲೆ ಮಿನುಗುವ ಪಟ್ಟಿಯ ಜಾಕೆಟ್ಟು ಸದಾ ಇರುತ್ತಿತ್ತು. ನೆತ್ತಿ ಸುಡುವ ಬಿಸಿಲಲ್ಲೂ ಅದನ್ನು ಬಿಚ್ಚಿದವನಲ್ಲ. ಉಳಿದ ಪೊಲೀಸರು ಆ ಜಾಕೆಟ್ಟನ್ನು ಸೀಟಿನ ಹಿಂದೆ ನೇತುಹಾಕಿ, ಮೇಲಧಿಕಾರಿಯ ಕಾರು ದೂರದಲ್ಲಿ ಕಂಡಾಗ ಮಾತ್ರ ತೋಳು ತೂರಿಸುತ್ತಿದ್ದರು. ಈತನಾದರೋ ಅದನ್ನು ಮನೆಯಲ್ಲಿ ಬೇರೆ ಬಟ್ಟೆಗಳ ಜೊತೆ ಒಗೆಯಲು ಬಿಡುತ್ತಿರಲಿಲ್ಲ. ತಣ್ಣೀರಲ್ಲಿ ಅದ್ದಿ, ಉಜ್ಜದೆ, ಹಿಂಡದೆ, ತಾನೇ ನೆರಳಿನಲ್ಲಿ ಒಣಗಿಸುತ್ತಿದ್ದ. “ನನ್ನ ಮದುವೆ ಸೀರೆಗೂ ಈ ಯೋಗ ಇಲ್ಲ” ಎಂದು ಹೆಂಡತಿ, ಮುಂದೆ ಪರಿಚಯವಾದ ಮೇಲೆ, ನಮ್ಮೆದುರಿಗೇ ಹಂಗಿಸಿದ್ದಾಳೆ. ಆತ ಅದಕ್ಕೂ ಗಂಭೀರವಾಗಿ ಉತ್ತರ ಕೊಟ್ಟ: “ಸೀರೆ ಕಾಣದೇ ಇದ್ರೆ ಲಾರಿ ಗುದ್ದಲ್ಲ ಕಣೇ.”

ಆತ ಗಾಡಿ ನಿಲ್ಲಿಸುವುದು ಕೈ ಎತ್ತಿದಾಗ ಆರಂಭವಾಗುತ್ತಿರಲಿಲ್ಲ. ಅದಕ್ಕೆ ಬಹಳ ಮೊದಲೇ, ಆ ಗಾಡಿ ಎಲ್ಲಿ ಹೋಗಿ ನಿಲ್ಲಬೇಕೆಂಬುದು ಆತನ ಕಣ್ಣಲ್ಲಿ ತೀರ್ಮಾನವಾಗಿರುತ್ತಿತ್ತು. ತಿರುವಿನಲ್ಲಿ ತಪ್ಪು ಮಾಡಿದವನನ್ನು ತಿರುವಿನಲ್ಲಿ ಹಿಡಿದವನಲ್ಲ. ಲಾರಿಗಳನ್ನು ತೂಗುವ ಕಟ್ಟೆ ದಾಟಿ, ಮುಚ್ಚಿದ ಹೆಂಚಿನ ಕಾರ್ಖಾನೆಯ ಉದ್ದ ಗೋಡೆಯ ಪಕ್ಕ, ರಸ್ತೆಯ ಅಂಚು ಅಗಲವಾಗುವಲ್ಲಿಗೆ ಅವನನ್ನು ಕರೆದೊಯ್ದು ನಿಲ್ಲಿಸುತ್ತಿದ್ದ. ತನ್ನ ಜೀಪನ್ನು ಆ ಗಾಡಿಯ ಹಿಂದೆ, ಮೂತಿ ಸ್ವಲ್ಪ ರಸ್ತೆಗೆ ಚಾಚಿಕೊಂಡಿರುವಂತೆ ಓರೆಯಾಗಿ ಇಡುತ್ತಿದ್ದ. ಹಿಂದಿನಿಂದ ಯಾವನಾದರೂ ಕಣ್ಣುಮುಚ್ಚಿಕೊಂಡು ಬಂದರೆ ಮೊದಲು ಜೀಪಿಗೆ ಬಡಿಯಲಿ, ಮನುಷ್ಯರಿಗೆ ಬೇಡ ಎಂದು. ಎರಡು ಗಾಡಿಗಳ ನಡುವಿನ ಸಂದಿಯಲ್ಲಿ ಆತ ನಿಂತದ್ದನ್ನು ಯಾರೂ ನೋಡಿಲ್ಲ. ಓಡುವ ಗಾಡಿಗೆ ಅಡ್ಡ ಹಾರಿದವನಲ್ಲ. ನಿಂತ ಗಾಡಿಯ ಬೀಗದಕೈಗೆ ಕೈ ಹಾಕಿದವನಲ್ಲ. ಬೀಗದಕೈ ಕಿತ್ತು ಜೇಬಿಗಿಳಿಸಿಕೊಂಡು, ಗಾಡಿಯವನನ್ನು ಹಿಂದೆ ಹಿಂದೆ ಅಲೆಸುವುದನ್ನೇ ಕರ್ತವ್ಯವೆಂದುಕೊಂಡ ಇಲಾಖೆಯಲ್ಲಿ ಇದೊಂದು ವೈಕಲ್ಯವೆಂದೇ ಎಣಿಸಲ್ಪಟ್ಟಿತ್ತು. “ಅವನ ಮನೆ ಬೀಗ ಕಿತ್ಕೊಳ್ತೀಯೇನಯ್ಯಾ? ಇದೂ ಹಾಗೇ” ಎಂದು ಆತ ಜೊತೆಯವರಿಗೆ ಹೇಳಿದ್ದುಂಟು. ಜೊತೆಯವರು ನಕ್ಕರು. ಅವರಲ್ಲಿ ಕೆಲವರು ಮನೆ ಬೀಗವನ್ನೂ ಕಿತ್ತುಕೊಂಡವರೇ.

ಇನ್ನೊಂದು ಹಟವಿತ್ತು. ‘ಎಲ್ಲಿಗೆ ಹೊರಟಿದ್ದೀರಿ?’ ಎಂದು ಯಾರನ್ನೂ ಕೇಳುತ್ತಿರಲಿಲ್ಲ. ಎಲ್ಲಿಗೆ ಹೋಗುವುದೆಂಬುದು ಹೋಗುವವನ ಸಂಗತಿ. ಹೇಗೆ ಹೋಗುತ್ತಾನೆಂಬುದಷ್ಟೇ ತನ್ನ ಸಂಗತಿ. ಎಲ್ಲ ಮುಗಿದ ಮೇಲೆ, ದಂಡದ ಚೀಟಿ ಕೊಟ್ಟೋ ಕೊಡದೆಯೋ, ಸ್ಪಷ್ಟವಾಗಿ “ಇಲ್ಲಿಗೆ ಮುಗೀತು, ನೀವು ಹೋಗಬಹುದು” ಎಂದು ಬಾಯಿಬಿಟ್ಟು ಹೇಳುತ್ತಿದ್ದ. ಇದು ಸಣ್ಣ ಮಾತಲ್ಲ. ಪೊಲೀಸರ ಕೈಗೆ ಸಿಕ್ಕವರಿಗೆ ತಾವು ಯಾವಾಗ ಬಿಡುಗಡೆಯಾದೆವು ಎಂಬುದೇ ತಿಳಿಯುವುದಿಲ್ಲ. ಅವರು ಬೆನ್ನು ತಿರುಗಿಸಿ ಹಲ್ಲಿಗೆ ಕಡ್ಡಿ ಹಾಕಿಕೊಂಡು ನಿಂತರೆ, ಹೋಗಬಹುದೋ, ಹೋದರೆ ಹಿಂದಿನಿಂದ ಕೂಗುತ್ತಾರೋ ಎಂಬ ಅಂಜಿಕೆಯಲ್ಲಿ ಜನ ಬಿಸಿಲಲ್ಲಿ ಒಣಗುತ್ತಿರುತ್ತಾರೆ. ಕಾರಣಪ್ಪ ಹೇಳಿ ಬಿಡುತ್ತಿದ್ದ. ಬಿಟ್ಟ ಮೇಲೆ ತಾನೇ ರಸ್ತೆಗಿಳಿದು, ಹಿಂದಿನ ವಾಹನಗಳನ್ನು ಕೈ ಅಡ್ಡ ಹಿಡಿದು ತಡೆದು, ಆ ಗಾಡಿ ಸುರಕ್ಷಿತವಾಗಿ ರಸ್ತೆ ಸೇರುವ ತನಕ ನಿಲ್ಲುತ್ತಿದ್ದ.

ಇಷ್ಟೆಲ್ಲ ಕೇಳಿ ಆತನನ್ನು ಸಾಧುವೆಂದು ಭಾವಿಸಿದವರು ಕೆಟ್ಟರು. ದಂಡ ಹಾಕುವುದರಲ್ಲಿ ಆತನಿಗೆ ದಾಕ್ಷಿಣ್ಯವೆಂಬುದು ಎಳ್ಳಷ್ಟೂ ಇರಲಿಲ್ಲ. ಸ್ವಂತ ಭಾವಮೈದನನ್ನು, ಅದೂ ತನ್ನ ಮನೆಗೇ ಊಟಕ್ಕೆ ಬರುತ್ತಿದ್ದವನನ್ನು, ಫೋನು ಕಿವಿಗಿಟ್ಟು ಗಾಡಿ ಓಡಿಸಿದ್ದಕ್ಕೆ ಗೋಡೆ ಪಕ್ಕ ನಿಲ್ಲಿಸಿ, ಕೆಮ್ಮಿ, ಠಾಣೆಯ ಹೆಸರಿನೊಂದಿಗೆ ಪರಿಚಯ ಹೇಳಿಕೊಂಡು ಚೀಟಿ ಹರಿದ. “ಭಾವಾ, ನಾನು ಕಣ್ರೀ!” ಎಂದ ಅವನು. “ಗೊತ್ತು. ನಿಮ್ಮಕ್ಕ ಕಾಯ್ತಿದ್ದಾಳೆ, ಬೇಗ ಸಹಿ ಹಾಕು” ಎಂದ ಈತ. ಆ ಊಟ ಹೇಗೆ ನಡೆಯಿತೆಂಬುದನ್ನು ಹೆಂಡತಿ ಒಂದೇ ಮಾತಲ್ಲಿ ಮುಗಿಸಿದಳು: “ಉಪ್ಪು ಕೇಳೋಕೂ ಒಬ್ಬರಿಗೊಬ್ಬರು ಬಾಯಿ ಬಿಡಲಿಲ್ಲ.” ಇನ್ನೊಮ್ಮೆ ಉದ್ದನೆಯ ಕಾರಿನ ವಕೀಲರೊಬ್ಬರು, “ನಾನು ಯಾರು ಗೊತ್ತೇನಯ್ಯಾ?” ಎಂದು ಗುಡುಗಿದಾಗ, ಅವರು ಗುಡುಗಿ ಮುಗಿಸುವ ತನಕ ಸುಮ್ಮನಿದ್ದು, “ಇಲ್ಲ ಸರ್. ಲೈಸೆನ್ಸ್ ಕೊಟ್ರೆ ಗೊತ್ತಾಗುತ್ತೆ” ಎಂದಿದ್ದ. ಅದರಲ್ಲಿ ವ್ಯಂಗ್ಯವಿರಲಿಲ್ಲ. ನಿಜಕ್ಕೂ ಗೊತ್ತಿರಲಿಲ್ಲ.

ಒಬ್ಬಳೇ ಕಾರಿನಲ್ಲಿ ಬರುತ್ತಿದ್ದ ಹೆಂಗಸೊಬ್ಬಳು ಪೊಲೀಸು ಕಂಡೊಡನೆ ಕಾಗದಗಳನ್ನೆಲ್ಲ ಕಾಲಡಿ ಚೆಲ್ಲಿಕೊಂಡಳಂತೆ. ಈತ ಹಿಂದೆ ಸರಿದು, “ಭಯ ಆದ್ರೆ ಮನೆಯವರಿಗೊಂದು ಫೋನ್ ಮಾಡಿ ಎಲ್ಲಿದ್ದೀನಿ ಅಂತ ಹೇಳಿ. ನಾನು ಅಲ್ಲಿ ಜೀಪಿನ ಹತ್ರ ಇರ್ತೀನಿ. ನೀವು ಕರೆದ ಮೇಲೆ ಬರ್ತೀನಿ” ಎಂದು ಹೊರಟೇಹೋದ. ಆಕೆ ಫೋನು ಮಾಡಿ, ಉಸಿರು ಸರಿಮಾಡಿಕೊಂಡು, ಕೈಬೀಸಿ ಕರೆದಳು. ಬಂದ. ಕೆಂಪು ದೀಪ ದಾಟಿದ್ದಕ್ಕೆ ಪೂರ್ತಿ ದಂಡ ಹಾಕಿದ.

ಇದಕ್ಕೆಲ್ಲ ಹಿಂದೆ ಏನೋ ದೊಡ್ಡ ಕತೆ ಇರಬೇಕೆಂದು ಹುಡುಕಿದವರಿದ್ದಾರೆ. ಜೊತೆಗಾರ ಯಾರೋ ರಸ್ತೆಯಲ್ಲಿ ಸತ್ತಿರಬೇಕು, ಬಾಲ್ಯದಲ್ಲಿ ಅಪ್ಪನನ್ನು ಪೊಲೀಸರು ಬಡಿದಿರಬೇಕು, ಹೀಗೆ. ಅಂಥದ್ದೇನೂ ಇಲ್ಲ. ಅಪ್ಪ ಗರಗಸದ ಮಿಲ್ಲಿನಲ್ಲಿ ದುಡಿದು, ನಿವೃತ್ತನಾಗಿ, ಹತ್ತೂ ಬೆರಳುಗಳೊಡನೆ ಸತ್ತ. ಮಗ ಸೇರಿದ ಕೆಲಸದಲ್ಲಿ ಹೇಗೆ ಮಾಡಬೇಕೆಂದು ಆರಂಭದಲ್ಲಿ ಒಂದು ಸಲ ಹೇಳಿಕೊಟ್ಟಿದ್ದರು. ಉಳಿದವರು ಮರೆತರು, ಈತ ಮರೆಯಲಿಲ್ಲ. ಅಷ್ಟೇ. ಮನೆಯಲ್ಲೂ ಹೀಗೆಯೇ ಎಂದು ಹೆಂಡತಿಯ ದೂರು. ಅಡುಗೆಮನೆಯ ಬಾಗಿಲಲ್ಲಿ ಕೆಮ್ಮಿ, ಯಾಕೆ ಬಂದೆನೆಂದು ಹೇಳಿಯೇ ಒಳಗೆ ಬರುವ ಗಂಡ.

ಮನುಷ್ಯನಿಗೆ ಆಸೆಯೆಂಬುದು ಒಂದೇ ಇತ್ತು, ಅದೂ ವಿಚಿತ್ರವಾದದ್ದು. ಹೊಸದಾಗಿ ಸೇರುವವರಿಗೆ ರಸ್ತೆಯ ಕೆಲಸ ಕಲಿಸುವ ಹುದ್ದೆಯೊಂದು ಇಲಾಖೆಯ ತರಬೇತಿ ಶಾಲೆಯಲ್ಲಿತ್ತು. ಅದು ತನಗೆ ಬೇಕು ಎಂದು. ಸಂಬಳ ಹೆಚ್ಚಲ್ಲ, ಗತ್ತು ಕಡಿಮೆ, ಯಾರೂ ಕೇಳದ ಹುದ್ದೆ. ಈತ ವರ್ಷ ವರ್ಷವೂ ಕೇಳುತ್ತಿದ್ದ. ಮನೆಯಲ್ಲಿ ಒಂದು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ರಸ್ತೆ ಬರೆದು, ಬೆಂಕಿಪೊಟ್ಟಣಗಳನ್ನು ಗಾಡಿಗಳಾಗಿ ಸರಿಸುತ್ತ, ಪಾಠ ಹೇಗೆ ಶುರುಮಾಡಬೇಕೆಂದು ತನಗೆ ತಾನೇ ಮಾತಾಡಿಕೊಳ್ಳುತ್ತಿದ್ದ. “ಒಲೆ ಹಚ್ಚಬೇಕಂದ್ರೆ ಲಾರಿ ಹುಡುಕಬೇಕು ನಾನು” ಎನ್ನುತ್ತಿದ್ದಳು ಹೆಂಡತಿ. ಕೊನೆಗೊಮ್ಮೆ ಇನ್‌ಸ್ಪೆಕ್ಟರು ಮನಸ್ಸು ಮಾಡಿ, ತರಬೇತಿಯ ಒಂದು ಸಣ್ಣ ತಂಡವನ್ನು ಪರೀಕ್ಷಾರ್ಥವಾಗಿ ಈತನ ಕೈಗೆ ಕೊಟ್ಟರು. ಇದು ಚೆನ್ನಾಗಿ ನಡೆದರೆ ಹುದ್ದೆ ನಿನ್ನದು ಎಂದರು. ಹೆಂಡತಿ ಹೇಳುವಂತೆ, ಆ ವಾರ ಈತ ಜಾಕೆಟ್ಟನ್ನು ಎರಡು ಸಲ ಒಗೆದ.

ತಂಡದಲ್ಲಿ ಒಬ್ಬ ಯುವತಿ ಇದ್ದಳು. ಪ್ರತಿಯೊಂದಕ್ಕೂ ಯಾಕೆ, ಹೇಗೆ, ಇಲ್ಲದಿದ್ದರೆ ಏನು ಎಂದು ಕೇಳಿ ಕೇಳಿ ಜೊತೆಯವರಿಂದ ‘ಪ್ರಶ್ನೆಪತ್ರಿಕೆ’ ಎಂಬ ಬಿರುದು ಪಡೆದವಳು. ಮುಂದಿನ ಕೆಲವು ಸಂಗತಿಗಳು ನನಗೆ ಗೊತ್ತಾದದ್ದು ಆಕೆಯಿಂದ. ಉಳಿದದ್ದಕ್ಕೆ ನಾನೇ ಸಾಕ್ಷಿ, ಯಾಕೆಂದರೆ ಆವತ್ತು ಕಾರಣಪ್ಪ ನಿಲ್ಲಿಸಿದ್ದು ನಮ್ಮ ವ್ಯಾನನ್ನು.

ಊರಾಚೆಯ ಕಲ್ಲುಪುಡಿ ಕಾರ್ಖಾನೆಯ ಧೂಳು ಕೇರಿಯ ಮನೆಗಳಿಗೆ, ನೀರಿಗೆ, ಕೂಸುಗಳ ಎದೆಗೆ ಇಳಿಯುತ್ತಿದ್ದ ಕಾಲ ಅದು. ಅದರ ಪರವಾನಗಿ ಮುಂದುವರಿಸಬೇಕೋ ಬೇಡವೋ ಎಂದು ಆವತ್ತು ಊರಿನ ತಾಲ್ಲೂಕು ಕಚೇರಿಯಲ್ಲಿ ವಿಚಾರಣೆ ಇತ್ತು. ಆಕ್ಷೇಪಣೆ ಇದ್ದವರು ಮಧ್ಯಾಹ್ನದೊಳಗೆ ಖುದ್ದಾಗಿ ಬಂದು ಹೇಳಬೇಕು. ಬಾರದಿದ್ದರೆ ಯಾರಿಗೂ ಆಕ್ಷೇಪಣೆ ಇಲ್ಲವೆಂದು ಬರೆದುಕೊಳ್ಳುತ್ತಾರೆ. ಕೇರಿಯ ಜನರನ್ನು ತುಂಬಿಕೊಂಡು ನಮ್ಮ ಹೋರಾಟ ಸಮಿತಿಯ ಹಳದಿ ವ್ಯಾನು ಹೊರಟಿತು. ಓಡಿಸುತ್ತಿದ್ದವನು ನಮ್ಮ ‘ಗಂಟಲು’. ಮೈಕು ಕೆಟ್ಟ ದಿನವೂ ಸಭೆಯ ಕೊನೆಯ ಸಾಲಿಗೆ ಕೇಳಿಸುವಂತೆ ಕೂಗಬಲ್ಲವನಾದ್ದರಿಂದ ಆ ಹೆಸರು.

ಅಷ್ಟರಲ್ಲಿ ಗೋಡೆಯ ಪಕ್ಕ, ತರಬೇತಿಯವರ ನಡುವೆ ನಿಂತಿದ್ದ ಕಾರಣಪ್ಪನ ವೈರ್‌ಲೆಸ್ಸು ಕರಕರ ಎಂದಿತು. ಇನ್‌ಸ್ಪೆಕ್ಟರು.

“ಹಳದಿ ವ್ಯಾನು, ಮೇಲೆ ಮೈಕು ಕಟ್ಟಿದೆ. ನಿನ್ನ ರಸ್ತೆಗೇ ಬರ್ತಿದೆ. ಮಧ್ಯಾಹ್ನ ಕಳೆಯೋ ತನಕ ಅವರು ಅಲ್ಲೇ ಇರಲಿ.”

“ಕಾರಣ ಸರ್?”

“ಕಾರಣ ನೀನು ಹುಡುಕು. ಅದರಲ್ಲಿ ನೀನು ಪಂಡಿತ ಅಲ್ವಾ?”

“ಹುಡುಕಿ ಸಿಗದೇ ಇದ್ರೆ ಸರ್?”

“ಏನೂ ಸಿಗದೇ ಇರೋ ಗಾಡಿ ಈ ಭೂಮಿ ಮೇಲೆ ಇದೆಯೇನಯ್ಯಾ? ನೋಡು, ಸೋಮವಾರ ನಿನ್ನ ಶಾಲೆ ಫೈಲು ನನ್ನ ಮೇಜಿಗೆ ಬರುತ್ತೆ. ಕೈಯಾರೆ ಕೆಡಿಸ್ಕೋಬೇಡ.”

ತರಬೇತಿಯವರೆಲ್ಲ ಇದನ್ನು ಕೇಳಿಸಿಕೊಂಡರು. ಕಾರಣಪ್ಪ ವೈರ್‌ಲೆಸ್ಸನ್ನು ಜೀಪಿನೊಳಗಿಟ್ಟು, ಒರೆಸಬೇಕಾದದ್ದೇನೂ ಇಲ್ಲದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ, ತಿರುವಿನಲ್ಲಿ ಹಳದಿ ಬಣ್ಣ ಕಂಡಾಗ, ಎಂದಿನಂತೆ ದೂರದಿಂದಲೇ ಕೈ ತೋರಿಸಿ ಅಗಲ ಜಾಗಕ್ಕೆ ಕರೆದ.

ಗಂಟಲು ವ್ಯಾನನ್ನು ನಿಲ್ಲಿಸಿ, ಫೋನಿನ ಕ್ಯಾಮೆರಾ ತೆರೆದು ತನ್ನ ಕಿಟಕಿಗೆ ಗುರಿಯಿಟ್ಟು ಕುಳಿತ. ಕೆಮ್ಮು ಕೇಳಿಸಿದ್ದು ಈ ಕಡೆ ಕೂತ ನನ್ನ ಕಿವಿಯ ಹತ್ತಿರ.

“ಏಯ್, ಈ ಕಡೆ ಬಾರಯ್ಯಾ! ಮುಖ ತೋರ್ಸು, ಊರೆಲ್ಲ ನೋಡ್ಲಿ!” ಎಂದು ಕೂಗಿದ ಗಂಟಲು.

“ತೆಗೀರಿ, ತೆಗೀರಿ. ಆದ್ರೆ ಹ್ಯಾಂಡ್‌ಬ್ರೇಕ್ ಹಾಕಿ ತೆಗೀರಿ. ಇಲ್ಲಿ ಇಳಿಜಾರಿದೆ” ಎಂದ ಕಾರಣಪ್ಪ. ಗಂಟಲು ಹಾಕಿದ. “ನಾನು ಸಂಚಾರ ಠಾಣೆಯ ಹೆಡ್ ಕಾನ್‌ಸ್ಟೇಬಲ್. ನಿಮ್ಮನ್ನ ನಿಲ್ಲಿಸಿದ ಕಾರಣ ಏನಪ್ಪಾ ಅಂದ್ರೆ...”

ಅಲ್ಲಿ ಮಾತು ನಿಂತಿತು. ಎಷ್ಟೋ ಸಾವಿರ ಸಲ ಹೇಳಿ ನಾಲಗೆಗೆ ಅಂಟಿಹೋದ ವಾಕ್ಯ ಮೊದಲ ಸಲ ಮುಂದೆ ದಾರಿಯಿಲ್ಲದೆ ನಿಂತದ್ದು. ಹಿಂದೆ ತರಬೇತಿಯವರು ಸಾಲಾಗಿ ನಿಂತು ನೋಡುತ್ತಿದ್ದರು. ಒಂದು ಸುಳ್ಳು ಸಾಕಿತ್ತು. ದೀಪ ಸರಿಯಿಲ್ಲ, ನಂಬರ್ ಫಲಕ ಮಸುಕಾಗಿದೆ, ಏನಾದರೊಂದು.

“...ನಿಲ್ಲಿಸಿ ಅಂತ ನನಗೆ ಆದೇಶ ಆಗಿದೆ. ಸದ್ಯಕ್ಕೆ ನನ್ನ ಹತ್ರ ಇರೋ ಕಾರಣ ಇಷ್ಟೇ. ಕಾಗದಪತ್ರ ಕೊಡಿ, ಗಾಡಿ ನೋಡ್ತೀನಿ.”

ಗಂಟಲಿನ ಬಾಯಿ ತೆರೆದದ್ದು ತೆರೆದೇ ಇತ್ತು. ಸುಳ್ಳಿಗೆ ಹಲ್ಲು ಮಸೆದುಕೊಂಡು ಬಂದವನಿಗೆ ನಿಜ ಸಿಕ್ಕರೆ ಅಗಿಯಲು ಕಷ್ಟ. ಸುಮ್ಮನೆ ಕಾಗದ ಕೊಟ್ಟ.

ಕಾಗದಗಳು ಸರಿಯಿದ್ದವು. ದೀಪ, ಬ್ರೇಕು, ಕನ್ನಡಿ ಎಲ್ಲ ಸರಿಯಿದ್ದವು. ಹೀಗಾಗುತ್ತದೆಂದು ಗೊತ್ತಿದ್ದೇ ಗಂಟಲು ಹಿಂದಿನ ದಿನ ಮೆಕ್ಯಾನಿಕ್ಕಿನ ತಲೆ ತಿಂದಿದ್ದ. ಕಾರಣಪ್ಪ ಪ್ರತಿಯೊಂದನ್ನೂ ನೋಡಿ, ತಲೆಯಾಡಿಸುತ್ತ ಬಂದ. ನೋಡುತ್ತ ಹೋದಂತೆ ಆತನ ಮುಖ ಹಗುರವೂ ಆಗುತ್ತಿತ್ತು, ಬಿಳಿಚಿಕೊಳ್ಳುತ್ತಲೂ ಇತ್ತು. ಏನೂ ಸಿಗದಿದ್ದರೆ ಬಿಡಬೇಕು. ಬಿಟ್ಟರೆ ಸೋಮವಾರದ ಫೈಲು ಹೋಯಿತು. ಆ ಲೆಕ್ಕವನ್ನು ಆತ ಆಗಲೇ ಮುಗಿಸಿದ್ದನೆಂದು ನನಗೆ ತೋರುತ್ತದೆ. ನನ್ನ ಕಿಟಕಿಯ ಕಡೆಗೆ ತಿರುಗಿ, ಕೆಮ್ಮಿ, ಬಾಯಿ ತೆರೆಯುವುದರಲ್ಲಿದ್ದ.

“ಸರ್! ಸಿಕ್ತು ಸರ್!”

ಪ್ರಶ್ನೆಪತ್ರಿಕೆ. ಆಕೆ ಸಮವಸ್ತ್ರದ ಹಂಗಿಲ್ಲದೆ ಮಣ್ಣಿನಲ್ಲಿ ಮಲಗಿ, ಹಿಂದಿನ ಚಕ್ರದ ಒಳಮೈಯನ್ನು ಬೆರಳಿನಿಂದ ತಡವುತ್ತಿದ್ದಳು. ಗುರುವಿನ ಹುದ್ದೆಯನ್ನು ತಾನೇ ಉಳಿಸಿಕೊಟ್ಟೆನೆಂಬ ಸಂಭ್ರಮ ಆಕೆಯ ಮುಖದಲ್ಲಿ ಉಕ್ಕುತ್ತಿತ್ತು. ಕಾರಣಪ್ಪ ಕುಕ್ಕರಗಾಲಲ್ಲಿ ಕೂತು ನೋಡಿದ. ಹೊರಗಿನಿಂದ ಚೆನ್ನಾಗಿಯೇ ಕಾಣುವ ಟೈರು ಒಳಬದಿಯಲ್ಲಿ ಪೂರ್ತಿ ಸವೆದು, ರಬ್ಬರು ಕಳಚಿ, ತಂತಿಯ ಎಳೆಗಳು ಹಲ್ಲು ಕಿರಿಯುತ್ತಿದ್ದವು. ಅಷ್ಟು ಜನರನ್ನು ತುಂಬಿಕೊಂಡು ಘಾಟಿಯ ಇಳಿಜಾರಿನಲ್ಲಿ ಅದು ಸಿಡಿದಿದ್ದರೆ ವಿಚಾರಣೆ ಬೇರೆ ಕಡೆ ನಡೆಯಬೇಕಾಗಿತ್ತು.

“ಗಾಡಿಯವರೇ, ಇಲ್ಲಿ ಬನ್ನಿ. ಕೈಯಿಟ್ಟು ನೋಡಿ” ಎಂದ.

“ನಾಟಕ! ಎಲ್ಲ ನಾಟಕ!” ಎನ್ನುತ್ತ ಬಂದ ಗಂಟಲು ಕೈಯಿಟ್ಟು ನೋಡಿ ಕೈ ಹಿಂದೆಗೆದ. ಬೆರಳಿನಲ್ಲಿ ರಕ್ತದ ಚುಕ್ಕೆ.

“ಸ್ಟೆಪ್ನಿ ಇದೆಯಾ?”

“ಆ ಕಡೆ ಓಡ್ತಿರೋದೇ ಸ್ಟೆಪ್ನಿ” ಎಂದ ಗಂಟಲು, ಮೊದಲ ಬಾರಿ ಮೆಲ್ಲಗೆ.

ಕೇರಿಯ ದೊಡ್ಡಮ್ಮ ವ್ಯಾನಿನಿಂದ ಇಳಿದು ಬಂದಳು. ಕಲ್ಲು ಒಡೆದು ಒಡೆದು ಕಲ್ಲೇ ಆಗಿದ್ದ ಹೆಂಗಸು. ಬಗ್ಗಿ ಟೈರು ನೋಡಿ, “ಅಯ್ಯೋ ಸಾಹೇಬಾ, ನನ್ನ ಅಂಗಾಲೇ ಇದಕ್ಕಿಂತ ಗಟ್ಟಿ. ಗಾಡಿ ಬಿಟ್ಬಿಡು, ನಿನಗೆ ಪುಣ್ಯ ಬರ್ಲಿ. ಮೆಲ್ಲಗೆ ಹೋಗ್ತೀವಿ” ಎಂದಳು.

“ಆಗಲ್ಲ ದೊಡ್ಡಮ್ಮ. ಮೆಲ್ಲಗೆ ಹೋದ್ರೂ ಸಿಡಿಯುತ್ತೆ. ನಿಮ್ಮನ್ನ ನಿಲ್ಲಿಸಿದ ಕಾರಣ ಏನಪ್ಪಾ ಅಂದ್ರೆ, ಈ ಟೈರು. ಗಾಡಿ ಇಲ್ಲಿಂದ ಅಲ್ಲಾಡಲ್ಲ.” ದನಿ ಸಲೀಸಾಗಿತ್ತು. ವಾಕ್ಯಕ್ಕೆ ಬಾಲ ಸಿಕ್ಕಿತ್ತು.

ಅಲ್ಲಿಗೆ ಆತ ಗೆದ್ದ. ಸಾಹೇಬರ ಆದೇಶ ಪಾಲನೆಯಾಯಿತು, ಸುಳ್ಳು ಹೇಳಬೇಕಾಗಲಿಲ್ಲ, ಸೋಮವಾರ ಉಳಿಯಿತು. ಇನ್ನೇನೂ ಮಾಡಬೇಕಾಗಿರಲಿಲ್ಲ, ಚೀಟಿ ಬರೆಯುವುದನ್ನು ಸ್ವಲ್ಪ ನಿಧಾನ ಮಾಡಿ, ಬೆನ್ನು ತಿರುಗಿಸಿ ನಿಂತಿದ್ದರೆ ನಾವೂ ಎಲ್ಲರಂತೆ ಹೋಗಬಹುದೋ ಇಲ್ಲವೋ ಎಂದು ಒಣಗುತ್ತ ನಿಲ್ಲುತ್ತಿದ್ದೆವು, ಸೂರ್ಯ ನೆತ್ತಿ ದಾಟುತ್ತಿದ್ದ. ನಾನಾದರೂ ಆತನ ಜಾಗದಲ್ಲಿದ್ದರೆ ಅದನ್ನೇ ಮಾಡುತ್ತಿದ್ದೆನೋ ಏನೋ. ಕಾರಣಪ್ಪ ಬೇಗಬೇಗ ಚೀಟಿ ಬರೆದು ಗಂಟಲಿನ ಕೈಗಿಟ್ಟು, ನಮ್ಮೆಲ್ಲರ ಕಡೆ ತಿರುಗಿದ.

“ಗಾಡಿ ಇಲ್ಲೇ ಇರುತ್ತೆ. ನಿಮ್ಮದು ಇಲ್ಲಿಗೆ ಮುಗೀತು. ನೀವು ಹೋಗಬಹುದು.”

“ಹೇಗಯ್ಯಾ ಹೋಗೋದು? ರೆಕ್ಕೆ ಕಟ್ಕೊಂಡಾ?” ಗಂಟಲಿಗೆ ಗಂಟಲು ಮರಳಿ ಬಂದಿತ್ತು.

ಪ್ರಶ್ನೆಪತ್ರಿಕೆ ಗುರುವಿನ ಹತ್ತಿರ ಬಂದು, ಪಿಸುಮಾತೆಂದು ತಾನು ಭಾವಿಸಿದ ದನಿಯಲ್ಲಿ, “ಸರ್, ಸಾಹೇಬ್ರು ಇವರನ್ನ ಮಧ್ಯಾಹ್ನದ ತನಕ ಇಟ್ಕೊಳ್ಳಿ ಅಂದ್ರಲ್ವಾ?” ಎಂದಳು. ಅದು ವ್ಯಾನಿನ ಕೊನೆಯ ಸೀಟಿಗೂ ಕೇಳಿಸಿತು.

“ಗಾಡಿ ಇಟ್ಕೊಂಡಿದ್ದೀನಲ್ಲಮ್ಮ.”

“ಜನ?”

“ಟೈರು ಸವೆದಿರೋದು ಗಾಡಿದು. ಈ ಜನರ ಮೇಲೆ ಏನಿದೆ, ಹೇಳು ನೋಡೋಣ.”

ಆಕೆ ಪ್ರಾಮಾಣಿಕವಾಗಿ ಯೋಚಿಸಿದಳು. “ಏನೂ ಇಲ್ಲ ಸರ್.”

“ಮತ್ತೆ?”

“ಮತ್ತೆ... ನಿಮ್ಮ ಶಾಲೆ ಸರ್?”

ಅಷ್ಟರಲ್ಲಿ ಆತ ರಸ್ತೆಗಿಳಿದಿದ್ದ. ಊರ ಕಡೆ ಹೋಗುವ ಬಸ್ಸೊಂದು ತಿರುವು ದಾಟಿ ಬರುತ್ತಿತ್ತು. ಕಾರಣಪ್ಪ ಕೈ ಅಡ್ಡ ಹಿಡಿದ. ಬಸ್ಸು ಮುಲುಗುತ್ತ ಬಂದು ನಿಂತಿತು.

“ಇದು ಸ್ಟಾಪ್ ಅಲ್ಲ ಸಾರ್!” ಎಂದು ಕಂಡಕ್ಟರು ತಲೆ ಹೊರಹಾಕಿದ.

“ಗೊತ್ತು. ಜನ ರಸ್ತೆ ದಾಟ್ತಿದ್ದಾರೆ. ಕಾಯಿ.”

ರಸ್ತೆಯ ಆಚೆ ದಾಟಿ ಹೋಗುವಂಥದ್ದು ಏನೂ ಇರಲಿಲ್ಲ. ಒಂದು ಚರಂಡಿ, ಅದರಾಚೆ ಮುಳ್ಳುಕಂಟಿ. ನಾವು ಪೆದ್ದರಂತೆ ನಿಂತಿದ್ದೆವು. ಮೊದಲು ಅರ್ಥಮಾಡಿಕೊಂಡವಳು ದೊಡ್ಡಮ್ಮ. ಸೀರೆಯ ನೆರಿಗೆ ಎತ್ತಿ ಹಿಡಿದು ರಸ್ತೆಗಿಳಿದಳು, ಬಸ್ಸಿನ ಬಾಗಿಲವರೆಗೆ ದಾಟಿದಳು, ಸರಳು ಹಿಡಿದು ಹತ್ತಿಬಿಟ್ಟಳು. ಅವಳ ಹಿಂದೆ ನಾವೆಲ್ಲ. ಕಾರಣಪ್ಪ ಅಷ್ಟು ಹೊತ್ತೂ ಬಸ್ಸಿಗೆ ಬೆನ್ನು ಹಾಕಿ, ಎದುರಿನಿಂದ ಬರುವ ವಾಹನಗಳನ್ನೇ ಏಕಾಗ್ರತೆಯಿಂದ ನೋಡುತ್ತಿದ್ದ. ಕಿಟಕಿಯಿಂದ ಗಂಟಲು ಏನೋ ಕೂಗಿದ. ಬೈದನೋ ಹೊಗಳಿದನೋ ಅವನಿಗೇ ನೆನಪಿಲ್ಲ.

ವಿಚಾರಣೆಗೆ ಸಮಯಕ್ಕೆ ಸೇರಿದೆವು. ಮೈಕು ವ್ಯಾನಿನಲ್ಲೇ ಉಳಿದಿತ್ತು. ಅದರ ಕೊರತೆ ಕಾಣಲಿಲ್ಲ. ಆಕ್ಷೇಪಣೆ ಬರೆದುಕೊಂಡರು. ಕಾರ್ಖಾನೆ ಮುಚ್ಚಿತೇ ಎಂದರೆ ಇಲ್ಲ, ಗುಡ್ಡದ ಆಚೆಗೆ ಸರಿಯಿತು. ಅಲ್ಲೂ ಒಂದು ಕೇರಿ ಇದೆ, ಆ ಜಗಳ ಈಗಲೂ ನಡೆಯುತ್ತಿದೆ.

ಇನ್‌ಸ್ಪೆಕ್ಟರು ಅದೇ ಸಂಜೆ ಆತನನ್ನು ಕರೆಸಿದರು. “ಇಟ್ಕೋ ಅಂದ್ರೆ ಬಸ್ಸು ಹತ್ತಿಸಿ ಕಳಿಸ್ತೀಯೇನಯ್ಯಾ?” “ಬಸ್ಸು ನಿಲ್ಲಿಸಿದ್ದು ರಸ್ತೆ ದಾಟೋರಿಗೆ ಸರ್. ಗಾಡಿ ಇಟ್ಕೊಂಡಿದ್ದೀನಿ.” ಇನ್‌ಸ್ಪೆಕ್ಟರು ದಡ್ಡರಲ್ಲ. ನಿಯಮದ ಪುಸ್ತಕದಲ್ಲಿ ಹಿಡಿಯಲು ಎಳೆ ಸಿಗದಿದ್ದಾಗ ಎಲ್ಲಿ ಹಿಡಿಯಬೇಕೆಂದು ಅವರಿಗೆ ಗೊತ್ತಿತ್ತು. ಸೋಮವಾರ ಶಾಲೆಯ ಹುದ್ದೆ ಬೇರೊಬ್ಬನಿಗೆ ಹೋಯಿತು. ರಸ್ತೆಯಲ್ಲಿ ನಿಂತು ಯಾವ ಕಾಲವಾಯಿತೋ ಅವನಿಗೇ ತಿಳಿಯದು, ಆದರೆ ಹೇಳಿದ್ದು ಕೇಳುತ್ತಾನೆ. ಕಾರಣಪ್ಪನನ್ನು, ಜಪ್ತಿ ಮಾಡಿದ ಗಾಡಿಗಳು ತುಕ್ಕು ಹಿಡಿಯುತ್ತ ಬಿದ್ದಿರುವ ಅಂಗಳದ ಕಾವಲಿಗೆ ಹಾಕಿದರು. “ಕೆಟ್ಟ ಗಾಡಿಗಳಿಗೆಲ್ಲ ಕಾರಣ ಹೇಳ್ಕೊಂಡು ಕೂತಿರ್ತಾರೆ” ಎಂದಳು ಹೆಂಡತಿ. ಆ ಸಲ ಅವಳು ನಗಲಿಲ್ಲ.

ಹೊಸ ಟೈರು ಹಾಕಿಸಿ ವ್ಯಾನು ಬಿಡಿಸಿಕೊಳ್ಳಲು ಗಂಟಲು ಮತ್ತು ನಾನು ಆ ಅಂಗಳಕ್ಕೆ ಹೋದೆವು. ಗಂಟಲು ದಾರಿಯುದ್ದಕ್ಕೂ ಕೃತಜ್ಞತೆಯ ಭಾಷಣ ತಯಾರಿಸಿಕೊಂಡಿದ್ದ. ಕಾರಣಪ್ಪ ಕಾಗದ ನೋಡಿ, ಟೈರು ನೋಡಿ, ಹಾರ್ನು ಒತ್ತಿ ನೋಡಿ, “ಹಾರ್ನು ಸಣ್ಣಗಿದೆ, ಸರಿ ಮಾಡಿಸಿ” ಎಂದ. ಭಾಷಣ ಅಲ್ಲೇ ಸತ್ತಿತು. ನಾನು ಸುತ್ತಿ ಬಳಸದೆ ಕೇಳಿದೆ: “ಬೇಜಾರಾಯ್ತಾ?”

“ಆಗದೆ? ಆಯ್ತು.” ನಮ್ಮ ಕಾಗದಕ್ಕೆ ಸಹಿ ಹಾಕಿ ಕೊಟ್ಟ. “ಆ ಹುಡುಗಿ ಇದ್ದಾಳಲ್ಲ, ಅವಳಿಗೆ ಇನ್ನೂ ಎಲ್ಲಿ ನಿಲ್ಲಬೇಕು ಅನ್ನೋದು ಬಂದಿಲ್ಲ. ಸಂದಿಯಲ್ಲಿ ನಿಲ್ತಾಳೆ. ಇನ್ನೊಂದು ವಾರ ಸಿಕ್ಕಿದ್ರೆ ಬಿಡಿಸ್ತಿದ್ದೆ.” ತನಗಾದ ನಷ್ಟವೆಂದು ಆತ ಬಾಯಿಬಿಟ್ಟು ಹೇಳಿದ್ದು ಇಷ್ಟೇ. ನಮ್ಮಿಂದಾಯಿತು ಎನ್ನಲಿಲ್ಲ. ನಿಮಗಾಗಿ ಮಾಡಿದೆ ಎಂದೂ ಅನ್ನಲಿಲ್ಲ, ಯಾಕೆಂದರೆ ಮಾಡಿದ್ದು ನಮಗಾಗಿ ಅಲ್ಲ. ನಮ್ಮ ಹೋರಾಟದ ಬಗ್ಗೆ ಆತನಿಗೆ ಒಳ್ಳೆಯ ಅಭಿಪ್ರಾಯವೇನೂ ಇರಲಿಲ್ಲ. ರಸ್ತೆಯ ಮಧ್ಯೆ ಧರಣಿ ಕೂರುವುದು ತಪ್ಪು ಎಂದು ಅದೇ ದಿನ ಮುಖಕ್ಕೆ ಹೇಳಿದ.

ಆ ತಂಡದವರು ಈಗ ಅದೇ ರಸ್ತೆಯಲ್ಲಿ ನಿಲ್ಲುತ್ತಾರೆ. ಬಹುಪಾಲು ಜನ ಬೀಗದಕೈ ಕೀಳುವುದನ್ನು ಬೇಗನೆ ಕಲಿತರು. ಪ್ರಶ್ನೆಪತ್ರಿಕೆ ಅರ್ಧ ಕಲಿತಿದ್ದಾಳೆ: ಕಾರಣ ಹೇಳುತ್ತಾಳೆ, ಬೀಗದಕೈ ಮುಟ್ಟುವುದಿಲ್ಲ, ಆದರೆ ಮೊಣಕೈಯನ್ನು ಕಿಟಕಿಗೆ ಊರುತ್ತಾಳೆ, ‘ಎಲ್ಲಿಗೆ?’ ಎಂದೂ ಕೇಳುತ್ತಾಳೆ. ಗಂಟಲು ಒಮ್ಮೆ “ನಿಮ್ಮ ಮೇಷ್ಟ್ರು ಅದನ್ನ ಕೇಳ್ತಿರಲಿಲ್ಲಮ್ಮ” ಎಂದದ್ದಕ್ಕೆ ಮುಖ ಕೆಂಪಾಗಿ, ದಂಡ ಹಾಕದೆ ಬಿಟ್ಟಳು. ಕಾರಣಪ್ಪನಾದರೆ ಹಾಕುತ್ತಿದ್ದ.

ಇಂಥವರನ್ನು ನಮ್ಮ ಕಡೆಯವರು ‘ಒಳ್ಳೆಯ ಪೊಲೀಸು’ ಎಂದು ಕರೆದು ಎದೆ ಉಬ್ಬಿಸುವುದನ್ನು ಕೇಳಿದಾಗ ನನಗೆ ರೇಗುತ್ತದೆ. ಒಳ್ಳೆಯತನ ಬಲು ಸಡಿಲವಾದ ವಸ್ತು. ಅದು ಬೆಳಿಗ್ಗೆ ಇದ್ದು ಸಂಜೆ ಇರುವುದಿಲ್ಲ, ಒಬ್ಬರ ಮೇಲೆ ಸುರಿದು ಇನ್ನೊಬ್ಬರ ಮೇಲೆ ಬತ್ತುತ್ತದೆ. ಲಾಠಿ ಬೀಸಿದವರಲ್ಲಿ ಒಳ್ಳೆಯವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬಡಿದ ಮೇಲೆ ನೀರು ಕೊಟ್ಟವರಿದ್ದಾರೆ. ಕಾರಣಪ್ಪನ ಜಾತಿಯವರು ಬೇರೆ. ಸರಕಾರ ತಮ್ಮ ಕೈಗೆ ಕೊಟ್ಟ ಬಲ ಎಲ್ಲಿಗೆ ಮುಗಿಯುತ್ತದೆ ಎಂಬುದು ಅವರಿಗೆ ತಮ್ಮ ಮೈಯ ಅಂಚಿನಷ್ಟೇ ಖಚಿತವಾಗಿ ಗೊತ್ತಿರುತ್ತದೆ. ಅದರೊಳಗೆ ಅವರು ನಿರ್ದಯರು, ಅದರಾಚೆ ಒಂದು ಬೆರಳೂ ಚಾಚುವವರಲ್ಲ, ಚಾಚು ಎಂದವರು ಯಾರೇ ಆಗಿರಲಿ. ಅವರು ನಮ್ಮ ಸಾಲಿಗೆ ಬಂದು ನಿಲ್ಲುವುದಿಲ್ಲ, ನಮ್ಮ ಘೋಷಣೆಗೆ ದನಿ ಸೇರಿಸುವುದಿಲ್ಲ; ಅವರನ್ನು ನಂಬಿ ಚಳವಳಿ ಕಟ್ಟಿದರೆ ಮುಳುಗುತ್ತೇವೆ. ಅಂಥವರು ಎಲ್ಲೂ ಇಲ್ಲವೆಂದು ತಿಳಿದು ಕಟ್ಟಿದರೂ ಮುಳುಗುತ್ತೇವೆ. ಅವರ ಸಂಖ್ಯೆ ಕಡಿಮೆ. ಇಲಾಖೆಗಳು ಅವರನ್ನು ಹೆಚ್ಚು ಹೊತ್ತು ಹೊರಗೆ ಬಿಡುವುದಿಲ್ಲ, ಬೇಗನೆ ಯಾವುದಾದರೊಂದು ಅಂಗಳದೊಳಗೆ ತಳ್ಳಿ ಗೇಟು ಹಾಕುತ್ತವೆ. ಅಲ್ಲೂ ಅವರು, ಯಾರೂ ನೋಡದಿದ್ದರೂ, ಒಳಗೆ ಬಂದ ಪ್ರತಿಯೊಂದು ಗಾಡಿಯನ್ನು ನೋಡಬೇಕಾದ ರೀತಿಯಲ್ಲೇ ನೋಡುತ್ತ, ಬಿಡಬೇಕಾದಾಗ ಬಿಡುತ್ತ, ಯಾರ ಮೆಚ್ಚುಗೆಗೂ ಕಾಯದೆ ಮುದುಕರಾಗುತ್ತಾರೆ.